ಸಹಾಯ ಬೇಕು: ಹಳೇ ಪವರ್ ಟಿಲ್ಲರ್‌ಗೆ ಲೈನರ್, ಪಿಸ್ಟನ್ ಸೆಟ್ (ಬೇಲೂರು)

ಎಲ್ಲರಿಗೂ ನಮಸ್ಕಾರ. ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವ, ಅಡ್ಡ ಸಿಲಿಂಡರಿನ ಹಳೇ ಮಿತ್ಸುಬಿಷಿ ಮಾದರಿ ಡೀಸೆಲ್ ಟಿಲ್ಲರ್ ರಿಪೇರಿಯಲ್ಲಿದೆ. ಬೆಳಿಗ್ಗೆ ಸ್ಟಾರ್ಟ್ ಆಗೋದೇ ಕಷ್ಟ, ಸ್ಟಾರ್ಟ್ ಆದರೂ ಬರೀ ಬಿಳಿ ಹೊಗೆ. ಬಿಸಿಯಾದ ಮೇಲೆ ಹೊಗೆ ಕಮ್ಮಿಯಾದರೂ ಕೆಸರುಗದ್ದೆಯಲ್ಲಿ ಎಳೆಯಲ್ಲ.

ಡೀಸೆಲ್ ಫಿಲ್ಟರ್ ಹೊಸದು, ಲೈನಿನ ಗಾಳಿ ತೆಗೆದಿದೆ. ನಾಝಲ್ ಹನಿ ಬಿಡದೆ ನುಣ್ಣಗೆ ಸ್ಪ್ರೇ ಮಾಡುತ್ತಿದೆ. ವಾಲ್ವ್ ಗ್ಯಾಪ್ ತಣ್ಣಗಿದ್ದಾಗ 0.25 ಮಿ.ಮೀ. ಇಟ್ಟಿದೆ. ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತಿಲ್ಲ, ಎಂಜಿನ್ ಆಯಿಲ್ ಬೆಳ್ಳಗಾಗಿಲ್ಲ, ಹಾಗಾಗಿ ಹೆಡ್ ಗ್ಯಾಸ್ಕೆಟ್ ಸೋರುತ್ತಿರುವಂತಿಲ್ಲ. ಡಿಕಂಪ್ರೆಷನ್ ಲಿವರ್ (ಸುಲಭವಾಗಿ ತಿರುಗಲೆಂದು ಸಿಲಿಂಡರಿನ ಒತ್ತಡ ಬಿಡಿಸುವ ಲಿವರ್) ಒತ್ತದೆ ಹ್ಯಾಂಡಲ್ ತಿರುಗಿಸಿದರೂ ಬಿಗಿಯೇ (ಕಂಪ್ರೆಷನ್) ಇಲ್ಲ. ಇಂಟೇಕ್‌ಗೆ ಒಂದು ಚಮಚ ಆಯಿಲ್ ಬಿಟ್ಟಾಗ ಅದು ರಿಂಗಿನ ಸಂದು ಮುಚ್ಚಿ ಬಿಗಿ ಬಂತು. ವಾಲ್ವ್ ಸೋರಿಕೆಯಾಗಿದ್ದರೆ ಆಯಿಲ್‌ನಿಂದ ಇಷ್ಟು ವ್ಯತ್ಯಾಸ ಆಗುತ್ತಿರಲಿಲ್ಲ. ಹಾಗಾಗಿ ರಿಂಗ್, ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಸವೆದಿರೋದು ಬಹುತೇಕ ಖಚಿತ.

ಡೀಸೆಲ್ ಪಂಪಿನ ಶಿಮ್ (ಅಡಿಯ ತೆಳು ತಗಡು) ತೆಗೆದು ಟೈಮಿಂಗ್ ಮುಂದೆ ಮಾಡುವ, ಅಂದರೆ ಡೀಸೆಲ್ ಬೇಗ ಸಿಂಪಡಿಸುವಂತೆ ಮಾಡುವ ಸಲಹೆ ದಯವಿಟ್ಟು ಬೇಡ. ಕಂಪ್ರೆಷನ್ ಇಲ್ಲದ ಎಂಜಿನ್‌ಗೆ ಅದರಿಂದ ನಾಕ್ (ಬಡಿಯುವ ಸದ್ದು) ಹೆಚ್ಚುತ್ತೆ, ಹ್ಯಾಂಡಲ್ ಹಿಡಿದವರ ಕೈಗೆ ಒದೆಯುತ್ತೆ.

ಬೇಕಿರೋದು: ಸ್ಟ್ಯಾಂಡರ್ಡ್ ಸೈಜಿನ ಲೈನರ್, ಪಿಸ್ಟನ್, ರಿಂಗ್ ಸೆಟ್, ಲೈನರಿನ ರಬ್ಬರ್ ರಿಂಗ್‌ಗಳು. ಹಳೇ ಸ್ಟಾಕ್ ಸಿಕ್ಕರೆ ತುಂಬಾ ಒಳ್ಳೆಯದು. ಜೊತೆಗೆ ಹಾಸನ, ಅರಸೀಕೆರೆ ಅಥವಾ ಚಿಕ್ಕಮಗಳೂರಿನಲ್ಲಿ ಲೈನರ್ ಕಾಲರ್ (ಲೈನರಿನ ತುದಿಯ ಅಂಚು) ಬ್ಲಾಕಿನ ಮೇಲೆ ಎಷ್ಟು ಎದ್ದಿದೆ ಅಂತ ಡಯಲ್ ಗೇಜ್ ಇಟ್ಟು ನೋಡುವ ಲೇತ್ ಅಂಗಡಿ ಇದ್ದರೆ ತಿಳಿಸಿ. ಕಾಲರ್ ತಗ್ಗಿದ್ದರೆ ಹೊಸ ಗ್ಯಾಸ್ಕೆಟ್ಟೂ ಸುಟ್ಟುಹೋಗುತ್ತೆ, ಇದನ್ನು ಬಹಳ ಜನ ಅಳೆಯೋದೇ ಇಲ್ಲ.

ಹಳೇ ಪಾರ್ಟ್ಸ್ ಬುಕ್ ಇದ್ದವರು ಲೈನರ್ ಪುಟದ ಫೋಟೋ ಹಾಕಿ. ಎಂಜಿನ್ ನಂಬರ್ ಪ್ಲೇಟಿನ ಫೋಟೋ ಕೇಳಿದವರಿಗೆ ಕಳಿಸುತ್ತೇನೆ. ನಾಟಿ ಉಳುಮೆಗೆ ಮೊದಲೇ ಗಾಡಿ ಗದ್ದೆಗಿಳಿಯಬೇಕು.