ಉಜನಿ ಕೆಳಗ ಭೀಮಾ ಹೊಳಿಗೆ 100 ವರ್ಷದ ಪೂರ (ನೆರೆ) ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಇಷ್ಟು ಘನ ಅಡಿ ನೀರು) ಅಂತ ಹ್ಯಾಂಗ ತಗೀಬೇಕು?

ಭೀಮಾದಂಡಿ:
ಎಲ್ಲಾರಿಗೂ ನಮಸ್ಕಾರ. ನಮ್ಮೂರು ಅಕ್ಕಲಕೋಟ ತಾಲೂಕಿನ್ಯಾಗ ಭೀಮಾ ದಂಡಿಮ್ಯಾಲ ಅದ, ಸೀನಾ ಹೊಳಿ ಬಂದು ಕೂಡೋ ಹತ್ತರಸಂಗ ಕೂಡಲಕ್ಕಿಂತ ಕೆಳಗ. ಸೋಲಾಪುರದಾಗ ಎಂ.ಟೆಕ್ ಮಾಡ್ಲಿಕತ್ತೀನಿ, ಪ್ರಾಜೆಕ್ಟಿಗೆ ನಮ್ಮ ಗಾವಠಾಣದ್ದೇ (ಊರಿನ ಮನಿಗಳಿರೋ ಜಾಗದ್ದೇ) ಪೂರದ ನಕಾಶೆ ತಗೊಂಡೀನಿ, 25 ವರ್ಷದ ಪೂರ ಎಲ್ಲಿ ತನಕ ಬರ್ತದ ಅನ್ನೋ ನೀಲಿ ರೇಷಾ, 100 ವರ್ಷದ್ದರ ಕೆಂಪು ರೇಷಾ ಎರಡೂ ಹಾಕ್ಬೇಕು. ಹೆಕ್-ರಾಸ್ (ಹೊಳಿ ನೀರು ಎಷ್ಟು ಎತ್ತರ ಏರ್ತದ ಅಂತ ತಗಿಯೋ ಸಾಫ್ಟ್‌ವೇರ್) ಮಾಡೆಲ್ ತಯಾರದ, ಅದರಾಗ ಯಾವ ಡಿಸ್ಚಾರ್ಜ್ (ಹರಿವು) ಕೊಡ್ಬೇಕು ಅನ್ನೋದೇ ಪ್ರಶ್ನೆ. ಸೀನಾ ಕೂಡೋಕಿಂತ ಮ್ಯಾಲ ಭೀಮಾದ ನೀರು ಅಳಿಯೋ ಟಾಕಳಿ ಕೇಂದ್ರದ್ದು ವರ್ಷಾವರ್ಷದ ಗರಿಷ್ಠ ಪ್ರವಾಹ ತಗೊಂಡು ಗಂಬೆಲ್ (ಹಳೇ ಪೂರದ ಅಂಕಿಯಿಂದ ಅಪರೂಪದ ದೊಡ್ಡ ಪೂರ ಅಂದಾಜು ಮಾಡೋ ಸಂಖ್ಯಾಶಾಸ್ತ್ರದ ಪದ್ಧತಿ) ಹಚ್ಚೀನಿ. ಟಾಕಳಿಗೆ ಕ್ಯಾಚ್‌ಮೆಂಟ್ (ಮಳಿ ನೀರು ಹರಿದು ಬರೋ ಪ್ರದೇಶ) ಸುಮಾರು 33,900 ಚದರ ಕಿ.ಮೀ., ಸೀನಾ ಸೇರಿದ್ರ ನಮ್ಮೂರಿಗೆ ಸುಮಾರು 46,000. ಇವೆರಡರ ಅನುಪಾತಕ್ಕ 0.75 ಘಾತ ಹಾಕಿದ್ರ ಟಾಕಳಿದಕ್ಕಿಂತ ಹತ್ರ ಹತ್ರ 1.26 ಪಟ್ಟು ಬರ್ತದ. ಆದ್ರ ಮ್ಯಾಲ ಉಜನಿಯಂಥಾ ಡ್ಯಾಂ ಇದ್ದಾಗ ಈ ಲೆಕ್ಕ ನಡೀತದೇನು? ನಮ್ಮಪ್ಪ ಅಂತೂ ಅವ್ರು ಬಿಟ್ಟಷ್ಟು ನೀರು ಬರ್ತದಪಾ, ಇದರಾಗ ಎಂಥಾ ಗಣಿತ ಅಂತಾರ.

ಹಳೇ ಇಂಜಿನಿಯರ್, ಪಂಢರಪುರ:
ತಮ್ಮಾ, ನಿಮ್ಮಪ್ಪಾರ ಮಾತಿನ್ಯಾಗ ಅರ್ಧ ಖರೇ ಅದ, ಆ ಅರ್ಧಾನೇ ನೀ ಲೆಕ್ಕದಾಗ ತರಬೇಕಾಗೇದ. ಗಂಬೆಲ್ ನಡೀಬೇಕಂದ್ರ ಎಲ್ಲಾ ವರ್ಷದ ಪೂರಾನೂ ಒಂದೇ ಥರದ ಕಾರಣದಿಂದ ಬಂದಿರಬೇಕು. ಉಜನಿ 1980ಕ್ಕ ಮುಗೀತು. ಅದಾದಮ್ಯಾಲ ಮಳಿ ಕಮ್ಮಿ ಆದ ವರ್ಷ ಡ್ಯಾಂ ಎಲ್ಲಾ ನುಂಗ್ತದ, ಕೆಳಗ ಪೂರಾನೇ ಇಲ್ಲ, ಡ್ಯಾಂ ತುಂಬಿದ ವರ್ಷ ಮ್ಯಾಲಿಂದ ಬಂದದ್ದು ಬಂದ್ಹಾಂಗ ಕೆಳಗ ಹೋಗ್ತದ. ಈ ಎರಡೂ ಥರದ ವರ್ಷದ ನಡುವ ಒಂದೇ ಗೆರಿ ಎಳದ್ರ 100 ವರ್ಷದ ಅಂಕಿ ಎತ್ತಗರ ಹೋಗ್ತದ. 1980ಕ್ಕಿಂತ ಹಿಂದಿನ ವರ್ಷ, ಮುಂದಿನ ವರ್ಷ ಬ್ಯಾರೆ ಬ್ಯಾರೆ ಇಟ್ಟು ಗ್ರಾಫ್ ಮ್ಯಾಲ ಚುಕ್ಕಿ ಹಾಕಿ ನೋಡು, ನಿನಗೇ ತಿಳೀತದ.

ಉಜನಿ ಒಟ್ಟು ಸುಮಾರು 117 ಟಿಎಂಸಿ (1 ಟಿಎಂಸಿ ಅಂದ್ರ 100 ಕೋಟಿ ಘನ ಅಡಿ), ಅದರಾಗ ಉಪಯೋಗದ ನೀರು 53 ಚಿಲ್ಲರೆ. ಜೂನ್‌ದಾಗ ‘ಉಜನಿ ಮೈನಸ್‌ದಾಗ ಹೋತು’ (ಉಪಯೋಗದ ನೀರು ಪೂರ್ತಿ ಖಾಲಿ) ಅಂತ ಪೇಪರ್‌ದಾಗ ಓದ್ತೀವಲ್ಲ, ಆವಾಗ ಎಂಥಾ ಮಳಿ ಬಂದ್ರೂ ಅದು ಹಿಡೀತದ. ಸಪ್ಟೆಂಬರ್ ಕಡೀಗೆ ತುಂಬಿ ನಿಂತಿರ್ತದ. 1 ಲಕ್ಷ ಕ್ಯೂಸೆಕ್ ಒಂದು ದಿನ ಹರಿದ್ರ 8.64 ಟಿಎಂಸಿ ಆಗ್ತದ. ಡ್ಯಾಂದಾಗ ಬರೇ 5 ಟಿಎಂಸಿ ಜಾಗ ಉಳದಿದ್ರ ಅದು 14 ತಾಸಿನ್ಯಾಗ ಖಲಾಸ್, ಮುಂದ ಒಳಗ ಬಂದಷ್ಟೂ ಹೊರಗ ಬಿಡೂದೇ. ಅದಕ್ಕ ಮೊದಲ ಡ್ಯಾಂಗೆ ಬರೋ ನೀರಿಂದು 100 ವರ್ಷದ ಪೂರ ತಗಿ, ಪೀಕ್ (ಅಗದಿ ಹೆಚ್ಚಿನ ಹರಿವು) ಒಂದೇ ಅಲ್ಲ, ನಾಕೈದು ದಿನದ ಒಟ್ಟು ನೀರೂ ಬೇಕು. ಆಮ್ಯಾಲ ಡ್ಯಾಂ ತುಂಬೇದ ಅಂತ ಹಿಡದು ರೂಟಿಂಗ್ (ಒಳಗ ಬಂದ ಪೂರ ಡ್ಯಾಂ ದಾಟಿ ಹೊರಗ ಎಷ್ಟು ಹೋಗ್ತದ ಅನ್ನೋ ಲೆಕ್ಕ) ಮಾಡು. ಜಾಗ ಖಾಲಿ ಅದ ಅಂತ ಹಿಡದು ಬಂದ ಕಮ್ಮಿ ಅಂಕಿ ನಂಬಿ ಹೊಳಿದಂಡ್ಯಾಗ ಮನಿ ಕಟ್ಟಗೊಡಬ್ಯಾಡ್ರಿ, ನಾ ಕೈ ಮುಗದು ಹೇಳ್ತೀನಿ.

ಜಲಲೆಕ್ಕ ಕಲಬುರಗಿ:
ಸರ್ ಹೇಳಿದ್ದು ಬರೋಬ್ಬರಿ ಅದ. ನಾ ಡ್ಯಾಂ ಕೆಳಗಿಂದು ಹೇಳ್ತೀನಿ. ಉಜನಿಗೆ ಕ್ಯಾಚ್‌ಮೆಂಟ್ ಸುಮಾರು 14,850 ಚದರ ಕಿ.ಮೀ. ಅಷ್ಟೇ, ಅಂದ್ರ ನಿಮ್ಮೂರಿಗೆ ನೀರು ಕೊಡೋ ಪ್ರದೇಶದಾಗ ಮೂರರಾಗ ಎರಡು ಪಾಲು ಉಜನಿ ಕೈಯಾಗ ಇಲ್ಲೇ ಇಲ್ಲ. ನರಸಿಂಗಪುರದಾಗ ನೀರಾ ಕೂಡ್ತದ, ಅದರಾಗ ವೀರ್ ಡ್ಯಾಂದಿಂದ ಬಿಟ್ಟ ನೀರು ಇರ್ತದ. ಆಮ್ಯಾಲ ಮಾಣ ಹೊಳಿ, ಆಮ್ಯಾಲ ಸೀನಾ. ಸೀನಾಕ್ಕ ಅನುಪಾತ ಯಾಕ ಹಾಕ್ತೀರಿ, ಸೀನಾ ಮ್ಯಾಲಿನ ವಡಕಬಾಳ ಕೇಂದ್ರದ್ದು ಅಳತಿ ಇರುವಾಗ? ಕ್ಯಾಚ್‌ಮೆಂಟ್ ಸುಮಾರು 12,090, ಕೃಷ್ಣಾ ಕೊಳ್ಳದ ದಾಖಲೆ ಇಂಡಿಯಾ-ವ್ರಿಸ್ (ಸರಕಾರದ ಜಲ ಮಾಹಿತಿ ವೆಬ್‌ಸೈಟ್) ಮ್ಯಾಲ ಎಲ್ಲಾರಿಗೂ ಸಿಗ್ತದ. 2025ರ ಸಪ್ಟೆಂಬರ್‌ದಾಗ ಸೀನಾ ಉಕ್ಕಿ ಮಾಢಾ, ಮೊಹೋಳ ಕಡೆ ಊರು ಮುಳುಗಿದ್ದು ನೀವೂ ನೋಡೀರಿ. 0.75 ಘಾತದ ಲೆಕ್ಕ ಅಳತಿ ಇಲ್ಲದ ಸಣ್ಣ ಹಳ್ಳಕ್ಕ ಇಟ್ಕೋರಿ.

ಹಾಂಗಂತ ಟಾಕಳಿದು 100 ವರ್ಷದ್ದು, ವಡಕಬಾಳದ್ದು 100 ವರ್ಷದ್ದು ಕೂಡಿಸಿಬಿಡಬ್ಯಾಡ್ರಿ, ಎರಡೂ ಪೀಕ್ ಒಂದೇ ತಾಸಿಗೆ ಬರೋದಿಲ್ಲ. ಎರಡೂ ಕೇಂದ್ರದ ಒಂದೇ ದಿನದ ಪ್ರವಾಹ ಕೂಡಿಸಿ ಹೊಸಾ ಸಾಲು ಮಾಡ್ರಿ, ಪೂರದ ದಿನಗಳದ್ದು ತಾಸಿನ ಲೆಕ್ಕ ಸಿಕ್ರ ಇನ್ನೂ ಚಲೋ. ಇನ್ನೊಂದು, ಪೇಪರ್‌ದಾಗ ಕ್ಯೂಸೆಕ್, ಕೇಂದ್ರದ ದಾಖಲೆ ಕ್ಯೂಮೆಕ್ (ಸೆಕೆಂಡಿಗೆ ಘನ ಮೀಟರ್), ಕ್ಯೂಸೆಕ್‌ನ 35.31ರಿಂದ ಭಾಗಿಸೋದು ಮರೀಬ್ಯಾಡ್ರಿ. ಅಗದಿ ದೊಡ್ಡ ಪೂರದ ಅಂಕಿ ಭಾಳ ಸಲ ಅಳದದ್ದಲ್ಲ, ನೀರಿನ ಮಟ್ಟ ನೋಡಿ ರೇಟಿಂಗ್ ಕರ್ವ್ (ಯಾವ ಮಟ್ಟಕ್ಕ ಎಷ್ಟು ಹರಿವು ಅನ್ನೋ ಗೆರಿ) ಮುಂದಕ್ಕ ಎಳದು ತಗದದ್ದು, ಅದಕ್ಕ ಒಂದೇ ಅಂಕಿ ಕೊಡದ ಮ್ಯಾಲ ಕೆಳಗ ಮಿತಿ ಸಹಿತ ಕೊಡ್ರಿ.

ಕಬ್ಬಿನ ಹೊಲ:
ನಾ ಓದಿದಾಂವ ಅಲ್ಲ, ಹೊಳಿದಂಡಿ ರೈತ. 2020ರ ಅಕ್ಟೋಬರ್ ಪೂರದಾಗ ನಮ್ಮೂರಿಗೆ ನೀರು ಹೊಳಿ ಕಡಿಂದ ಬರ್ಲೇ ಇಲ್ಲ, ಹಿಂದಿನ ಹಳ್ಳದಾಗ ತಿರುಗಿ ಏರಿ ಬಂತು, ಹೊಳಿ ತುಂಬಿದ್ದಕ್ಕ ಹಳ್ಳದ ನೀರು ಹೋಗ್ಲಿಕ್ಕೆ ಜಾಗ ಇರಲಿಲ್ಲ. ನಿಮ್ಮ ನಕಾಶೆದಾಗ ಹಳ್ಳ ಬಿಡಬ್ಯಾಡ್ರಿ. ಗುಡಿ ಗ್ವಾಡಿ, ಸಾಲಿ ಗ್ವಾಡಿಮ್ಯಾಲ ನೀರು ನಿಂತ ಗುರ್ತು ಇನ್ನೂ ಅದಾವ. ಮತ್ತ ಈಗ ಎರಡೂ ದಂಡಿಗೆ ಕಬ್ಬು ಆಳುದ್ದ ನಿಂತಿರ್ತದ, ನೀರು ಸರಿಯೋದೇ ಇಲ್ಲ.

ಭೀಮಾದಂಡಿ:
ಕಾಕಾರ, ಹಳ್ಳ ನಾ ಮಾಡೆಲ್‌ದಾಗ ತಗೊಂಡಿಲ್ಲ, ಇವತ್ತೇ ಸೇರಸ್ತೀನಿ. ಸರ್, ಡ್ಯಾಂ ತುಂಬೇದ ಅಂತ ಹಿಡದ್ರ ನೀಲಿ ರೇಷಾನೂ ಭಾಳ ಮ್ಯಾಲ ಹೋಗಂಗಿಲ್ಲೇನು? ಊರವ್ರು ಜಗಳಕ್ಕ ಬರ್ತಾರ.

ಹಳೇ ಇಂಜಿನಿಯರ್, ಪಂಢರಪುರ:
25 ವರ್ಷದ್ದಕ್ಕ ಹಳೇ ದಾಖಲೆದಾಗ ಪೂರ ಬಂದ ದಿನ ಡ್ಯಾಂ ಎಷ್ಟು ತುಂಬಿತ್ತು ನೋಡಿ ಅದರ ಪ್ರಕಾರ ಬ್ಯಾರೆ ಬ್ಯಾರೆ ಮಟ್ಟದಿಂದ ರೂಟಿಂಗ್ ಮಾಡು. 100ಕ್ಕ ಮಾತ್ರ ತುಂಬಿದ್ದೇ ಹಿಡಿ. ಜಗಳಕ್ಕ ಬಂದವ್ರಿಗೆ ಇದನ್ನ ಹೇಳು: 100 ವರ್ಷದ ಪೂರ ಅಂದ್ರ ನೂರು ವರ್ಷಕ್ಕೊಮ್ಮೆ ಬರೋದಲ್ಲ, ಮನಿ 30 ವರ್ಷ ನಿಂತ್ರ ಅಷ್ಟರಾಗ ಅದು ಬರೋ ಸಂಭವ 26 ಪ್ರತಿಶತ, 25 ವರ್ಷದ್ದಾದ್ರ 25 ವರ್ಷದಾಗ 64. ಮೊದಲ ಆ ಗುಡಿ, ಸಾಲಿ ಗ್ವಾಡಿ ಗುರ್ತಿಗೆ ಲೆವೆಲ್ ಹಚ್ಚಿ 2020ರ ಪೂರಾನ ಮಾಡೆಲ್‌ದಾಗ ಓಡಿಸಿ ನೋಡು. ಅದು ಕೂಡಿಬಂದ ಮ್ಯಾಲೇ 100ರದ್ದು ಓಡಿಸು, ಫರಕ್ ಎಷ್ಟು ಬಂತು ಇಲ್ಲೇ ಬರಿ.