ಬೆಂಗಳೂರು–ಬೆಳಗಾವಿ ತಿಂಡಿ ಪ್ರವಾಸ: ಶುಗರ್ ಇರುವವರು ಡಾಕ್ಟರನ್ನು ಕೇಳಿ

ತುಮಕೂರು ರೋಡ್: ಡಾಕ್ಟ್ರೇ, ಮುಂದಿನ ವಾರ ಅಪ್ಪ ಅಮ್ಮನ ಜೊತೆ ಕಾರಲ್ಲಿ ಬೆಳಗಾವಿಗೆ ಹೊರಟಿದ್ದೇವೆ. ಆತುರವಿಲ್ಲ, ಮೂರು ದಿನ ಇದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ, ಧಾರವಾಡದಲ್ಲಿ ಪೇಡ, ಕೊನೆಗೆ ಕುಂದಾ. ಅಪ್ಪನಿಗೆ 67, ಬೆಳಿಗ್ಗೆ ರಾತ್ರಿ ಮಿಕ್ಸ್ ಇನ್ಸುಲಿನ್. ಐದಕ್ಕೆ ಮನೆಯಲ್ಲೇ ಚುಚ್ಚಿಕೊಂಡು ಹೊರಡೋಣ ಅಂತಾರೆ, ಅರ್ಧ ದಾರಿ ಅವರೇ ಓಡಿಸ್ತಾರಂತೆ. ಹೋದ ವಾರ ಮದುವೆಯಲ್ಲಿ ಊಟ ತಡವಾಗಿ ಕೈ ನಡುಗಿ ಬೆವರಿದ್ದರು. ತೊಂದರೆ ಇಲ್ಲ ಅಲ್ವಾ?

ದಾವಣಗೆರೆ ಅಕ್ಕ: ಶುಗರ್ ಇದ್ದವರು ಬೆಣ್ಣೆ ದೋಸೆ ತಿನ್ನಬಹುದಾ ಸರ್?

ಡಾಕ್ಟರ್: ಒಂದು ತಿನ್ನಿ. ಶುಗರ್ ಏರಿಸೋದು ಮೇಲಿನ ಬೆಣ್ಣೆಗಿಂತ ಹಿಟ್ಟಿನಲ್ಲಿರುವ ಅಕ್ಕಿ, ಮಂಡಕ್ಕಿ.

ಡಾಕ್ಟರ್: @ತುಮಕೂರು ರೋಡ್, ತೊಂದರೆ ಇದೆ. ಮದುವೆಯಲ್ಲಿ ಆಗಿದ್ದು ಶುಗರ್ ಇಳಿದ ಲಕ್ಷಣ, ಅದೇ ಸ್ಟೀರಿಂಗ್ ಹಿಡಿದಾಗ ಆದರೆ? ಐದಕ್ಕೆ ಚುಚ್ಚಿಕೊಂಡು, ನೆಲಮಂಗಲದ ಟ್ರಾಫಿಕ್ ದಾಟಿ, ಕ್ಯಾತ್ಸಂದ್ರದಲ್ಲಿ ಇಡ್ಲಿಗೆ ಕಾಯುವಷ್ಟರಲ್ಲಿ ಇನ್ಸುಲಿನ್ ತನ್ನ ಕೆಲಸ ಶುರು ಮಾಡಿರುತ್ತೆ, ಹೊಟ್ಟೆ ಖಾಲಿ. ಚುಚ್ಚಿಕೊಂಡ ಅರ್ಧ ಗಂಟೆಯೊಳಗೆ ತಟ್ಟೆ ಮುಂದಿರಬೇಕು. ಅದಕ್ಕೇ ಹೋಟೆಲ್‌ನಲ್ಲಿ ಕೂತು, ಇಡ್ಲಿ ಬರುತ್ತೆ ಅಂತ ಖಾತ್ರಿಯಾದ ಮೇಲೆ ಹಾಕಿಕೊಳ್ಳಲಿ. ದಾವಣಗೆರೆ ಬೆಂಗಳೂರಿನಿಂದ ಸುಮಾರು 260 ಕಿ.ಮೀ., ದೋಸೆಗೋಸ್ಕರ ಹಸಿದುಕೊಂಡು ಹೋಗೋದು ಬೇಡ. ಹಿರಿಯೂರಿನ ಹತ್ತಿರ ನಿಲ್ಲಿಸಿ ಏನಾದರೂ ತಿನ್ನಿಸಿ. ಗಾಡಿ ಓಡಿಸುವ ಮುಂಚೆ ಪರೀಕ್ಷೆ ಮಾಡಿ, 90ಕ್ಕಿಂತ ಕೆಳಗಿದ್ದರೆ ಮೊದಲು ತಿನ್ನಲಿ. 70ಕ್ಕಿಂತ ಇಳಿದರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಲ್ಲಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಶುಗರ್ ಸರಿಯಾದ ಮೇಲೂ ಮುಕ್ಕಾಲು ಗಂಟೆ ಓಡಿಸಬಾರದು. ಪೇಡ ಇದೆಯಲ್ಲ ಅಂತ ಸುಮ್ನಿರಬೇಡಿ. ಅದರ ಹಾಲಿನ ಜಿಡ್ಡಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ. ಇನ್ಸುಲಿನ್ ಪೆನ್ ಡ್ಯಾಶ್‌ಬೋರ್ಡ್ ಮೇಲೆ ಬೇಡ, ಐಸ್‌ಗೆ ತಾಗಿಸಿಯೂ ಇಡಬೇಡಿ. ಹೊರಡುವ ಮೊದಲು ಡೋಸ್ ಬದಲಿಸಬೇಕಾ ಅಂತ ಅವರ ಡಾಕ್ಟರನ್ನು ಕೇಳಿ. ಇದನ್ನು ಮುಂದೂಡಬೇಡಿ.

ಯೋಗ ಜೀವನ: ಇಷ್ಟೆಲ್ಲ ಯಾಕೆ? ಬೆಳಿಗ್ಗೆ ಹಾಗಲಕಾಯಿ ರಸ, ಮೆಂತ್ಯದ ನೀರು ಕುಡಿದರೆ ಆ ದಿನ ಇನ್ಸುಲಿನ್ ಬೇಕಿಲ್ಲ. ಫಾರ್ವರ್ಡ್ ಹಾಕಿದ್ದೇನೆ, ಓದಿ.

ಡಾಕ್ಟರ್: ಅದನ್ನು ಈಗಲೇ ಅಳಿಸಿ. ಇನ್ಸುಲಿನ್ ಬದಲು ರಸ ಕುಡಿದವರು ಐಸಿಯು ಸೇರುತ್ತಾರೆ. ಇನ್ಸುಲಿನ್ ಜೊತೆಗೆ ಕುಡಿದರೆ ಶುಗರ್ ಇನ್ನೂ ಇಳಿಯಬಹುದು.

ಮೈಸೂರು ಹುಡುಗ: ತಟ್ಟೆ ಇಡ್ಲಿ ಅಂದರೆ ಬಿಡದಿ. ಕ್ಯಾತ್ಸಂದ್ರಕ್ಕೆ ಯಾಕೆ ಹೋಗ್ತೀರಿ?

ಕಲ್ಪತರು: ಸ್ವಾಮಿ, ಬಿಡದಿ ಇರೋದು ಮೈಸೂರು ರಸ್ತೆಯಲ್ಲಿ. ಇವರು ಹೋಗೋದು ತುಮಕೂರು ಕಡೆಗೆ. ಮ್ಯಾಪ್ ನೋಡಿ ಮಾತಾಡಿ.

ಮೈಸೂರು ಹುಡುಗ: ರುಚಿ ಬಗ್ಗೆ ಹೇಳಿದೆ, ರಸ್ತೆ ಬಗ್ಗೆ ಅಲ್ಲ.

ಪುಟ್ಟಿ ಅಮ್ಮ: ಡಾಕ್ಟರ್, ನಮ್ಮ ಮಗು ಕಾರಲ್ಲಿ ವಾಂತಿ ಮಾಡುತ್ತೆ, ತಿಂಡಿ ಕೊಟ್ಟು ಹೊರಡೋದಾ?

ಹುಬ್ಬಳ್ಳಿ ಮಾವ: ಬರೀ ಇಡ್ಲಿ ದೋಸೆ ಏನ್ರೀ? ದಾವಣಗೆರೆಯಲ್ಲಿ ಮಂಡಕ್ಕಿ ಮಿರ್ಚಿ ತಿನ್ರಿ, ಹುಬ್ಬಳ್ಳಿಗೆ ಬಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ. ಜೋಳದಿಂದ ಶುಗರ್ ಏರೋದೇ ಇಲ್ಲ.

ಡಾಕ್ಟರ್: ಏರುತ್ತೆ. ರೊಟ್ಟಿಯೂ ಲೆಕ್ಕಕ್ಕೆ ಬರುತ್ತೆ.

ಕುಂದಾನಗರಿ: ಪೇಡಕ್ಕಿಂತ ಕುಂದಾ ಮೇಲು, ಅದನ್ನೂ ಬರೆಯಿರಿ.

ಧಾರವಾಡದವ: ಶುರುವಾಯ್ತು! ನಮ್ಮ ಪೇಡಕ್ಕೆ ಜಿಐ ಟ್ಯಾಗ್ ಇದೆ, ಗೊತ್ತಾ?

ಕುಂದಾನಗರಿ: ಟ್ಯಾಗ್ ತಿಂತಾರೇನು?

ದಾವಣಗೆರೆ ಅಕ್ಕ: ಸರ್, ಮಾತ್ರೆ ತಗೊಳ್ಳೋರು ಎರಡು ಬೆಣ್ಣೆ ದೋಸೆ ತಿನ್ನಬಹುದಾ?

ಡಾಕ್ಟರ್: ಒಂದು. ಮೇಲೆ ಹೇಳಿದ್ದೇನೆ.

ಪುಟ್ಟಿ ಅಮ್ಮ: ಡಾಕ್ಟರ್, ನನ್ನ ಪ್ರಶ್ನೆ?

ಯೋಗ ಜೀವನ: ಅಲೋಪತಿಯವರಿಗೆ ನಮ್ಮ ಮದ್ದು ಕಂಡರೆ ಆಗಲ್ಲ.

ಡಾಕ್ಟರ್: ಅಡ್ಮಿನ್, ಆ ಫಾರ್ವರ್ಡ್ ಇನ್ನೂ ಹಾಗೇ ಇದೆ. ತೆಗೆಯೋವರೆಗೆ ನಾನು ಬೇರೆ ಪ್ರಶ್ನೆಗೆ ಉತ್ತರ ಕೊಡಲ್ಲ.

ತುಮಕೂರು ರೋಡ್: ಡಾಕ್ಟ್ರೇ, ಒಂದೇ ಮಾತು. ಹೋಟೆಲ್‌ನಲ್ಲಿ ಎಲ್ಲರ ಮುಂದೆ ಚುಚ್ಚಿಕೊಳ್ಳೋಕೆ ಅಪ್ಪನಿಗೆ ನಾಚಿಕೆ.

ಡಾಕ್ಟರ್: ನೀವು ಮೊದಲು ಒಳಗೆ ಹೋಗಿ ಇಡ್ಲಿ ಹೇಳಿ ಬನ್ನಿ, ಆಮೇಲೆ ಅವರು ಕಾರಲ್ಲೇ ಕೂತು ಹಾಕಿಕೊಳ್ಳಲಿ. ಈ ಸಲ ಕಾರು ನೀವೇ ಓಡಿಸಿ.