ಸನ್ನತಿಗೆ ಹೋದವರು ಕನಗನಹಳ್ಳಿಯನ್ನು ಬಿಟ್ಟು ಬರಬೇಡಿ

ಮಗಳೇ, ಭಾನುವಾರ ಮಕ್ಕಳೊಂದಿಗೆ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೊರಟಿದ್ದೇವೆ ಎಂದು ನೀನು ಹಾಕಿದ್ದನ್ನು ಈಗ ನೋಡಿದೆ. ಚಂದ್ರಲಾಂಬೆಯ ದರ್ಶನವಾದ ಮೇಲೆ ಅಲ್ಲಿ ಇನ್ನೇನಿದೆ ಎಂದು ಅಳಿಯಂದಿರು ಕೇಳಿದ್ದಾರೆ. ಇನ್ನೇನು, ಸಾಕ್ಷಾತ್ ಅಶೋಕ ಚಕ್ರವರ್ತಿಯೇ ಇದ್ದಾನೆ! ಸ್ವಲ್ಪ ಉದ್ದವಾಗುತ್ತದೆ, ಕೇಳಿ.

ದೇವಿಯ ಗುಡಿಯ ಆವರಣದಲ್ಲೇ ಕಾಳಿಯ ಗುಡಿಯೊಂದಿತ್ತು. 1986ರಲ್ಲಿ ಅದರ ಚಾವಣಿ ಕುಸಿಯಿತು. ಆಗ ನೋಡಿದರೆ, ಮೂರ್ತಿಯನ್ನು ನಿಲ್ಲಿಸಿದ್ದ ಪೀಠದ ಕಲ್ಲಿನ ಎರಡೂ ಮುಖದಲ್ಲಿ ಬ್ರಾಹ್ಮಿ ಎಂಬ ಹಳೆಯ ಲಿಪಿಯ ಅಕ್ಷರಗಳು. ಅದು ಪ್ರಾಕೃತದಲ್ಲಿರುವ ಅಶೋಕನ ಶಾಸನ. ಮೂರ್ತಿಯನ್ನು ಕೂರಿಸಲು ಯಾವ ಕಾಲದಲ್ಲೋ ನಟ್ಟನಡುವೆ ತೂತು ಕೊರೆದಿದ್ದಾರೆ, ಅಲ್ಲಿನ ಅಕ್ಷರಗಳು ಹೋಗಿಯೇ ಹೋದವು. ಹೊಟ್ಟೆ ಉರಿಯುತ್ತದೆ. ಆದರೂ ದೇವರ ಕೆಳಗಿದ್ದುದರಿಂದ ಇಷ್ಟಾದರೂ ಉಳಿಯಿತು. ಹೊರಗೆ ಬಿದ್ದಿದ್ದರೆ ಯಾರ ಮನೆಯ ಮೆಟ್ಟಿಲಾಗುತ್ತಿತ್ತೋ!

ಅಲ್ಲಿಂದ ಕನಗನಹಳ್ಳಿ ಹತ್ತಿರವೇ ಇದೆ. ದಯವಿಟ್ಟು ತಪ್ಪಿಸಬೇಡಿ. ಪುರಾತತ್ವ ಇಲಾಖೆಯವರು 1994ರಿಂದ ಅಗೆದಾಗ ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಸುತ್ತಲೂ ಹೊದಿಸಿದ್ದ ಸುಣ್ಣದ ಕಲ್ಲಿನ ಫಲಕಗಳ ತುಂಬ ಕೆತ್ತನೆ. ಒಂದರಲ್ಲಿ ರಾಣಿ, ಪರಿವಾರದೊಂದಿಗೆ ರಾಜ ನಿಂತಿದ್ದಾನೆ. ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೋ’ ಎಂದು ಹೆಸರೇ ಬರೆದಿದೆ. ಅಶೋಕ ಸತ್ತು ಎಷ್ಟೋ ಕಾಲದ ಮೇಲೆ ಕೆತ್ತಿದ್ದು, ಮುಖ ಹಾಗೆಯೇ ಇತ್ತೆಂದು ನಂಬಬೇಕಾಗಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಶಾತವಾಹನರ ಸಾತಕಣಿ ರಾಜನ ಫಲಕ. ಮಹಾಚೈತ್ಯಕ್ಕೆ, ಅಂದರೆ ದೊಡ್ಡ ಸ್ತೂಪಕ್ಕೆ, ಬೆಳ್ಳಿಯ ತಾವರೆಗಳನ್ನು ಕೊಡುತ್ತಿದ್ದಾನೆಂದು ಅದರ ಮೇಲೇ ಬರೆದಿದೆ. ಹರಕೆಗೆ ಬೆಳ್ಳಿ ಕೊಡುವುದು ನಮ್ಮ ಸೀಮೆಗೆ ಹೊಸದಲ್ಲ ನೋಡು! ಯಾವ ಫಲಕ ಎಲ್ಲಿದೆ ಎಂದು ಅಲ್ಲಿರುವ ಸಿಬ್ಬಂದಿಯನ್ನು ಕೇಳಿ. ಸೆಲ್ಫಿ ತೆಗೆದುಕೊಂಡು ಐದು ನಿಮಿಷಕ್ಕೆ ಹೊರಬೀಳುವವರ ಹಾಗೆ ಮಾಡಬೇಡಿ.

ರೈಲಾದರೆ ನಾಲವಾರದಲ್ಲಿ ಇಳಿಯಬೇಕು, ಆದರೆ ಮಕ್ಕಳಿರುವುದರಿಂದ ಕಾರೇ ವಾಸಿ. ಬೆಳಿಗ್ಗೆ ಬೇಗ ಹೊರಡಿ, ನಮ್ಮ ಬಿಸಿಲಿನ ಬಗ್ಗೆ ನಿನಗೆ ಹೇಳಬೇಕೆ? ರೊಟ್ಟಿ, ಶೇಂಗಾ ಚಟ್ನಿ, ಮೊಸರು, ನೀರು ಮನೆಯಿಂದಲೇ ಇರಲಿ. ಭೀಮೆಯಲ್ಲಿ ಮಾತ್ರ ಮಕ್ಕಳನ್ನು ಇಳಿಸಬೇಡ. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ಇಲ್ಲಿ ಮಳೆ ಇಲ್ಲದಿದ್ದರೂ ಹೊಳೆ ತುಂಬುತ್ತದೆ. ಅಂತಹ ಸುದ್ದಿ ಇದ್ದರೆ ಮುಂದಿನ ವಾರ ಹೋಗಿ. ಕಾರಿನಲ್ಲಿ ಜಾಗವಿದ್ದರೆ ಹೇಳು, ನಾನೂ ಬರುತ್ತೇನೆ.